ಮುದ್ರಿಕೆಯಲ್ಲಿ ಸೆರೆಯಾದ ಗುಡುಗು

ಹಾಡುವವನ ಕಂಠದಿಂದ ಹೊರಟ ನಾದವು ಗಾಳಿಯಲ್ಲಿ ಒಂದು ಕ್ಷಣ ನಿಂತು ಕರಗಿಹೋಗುವುದು ಲೋಕನಿಯಮ. ಕರಗುವ ಈ ನಾದವನ್ನು ಹಿಡಿದಿಡಬೇಕೆಂಬ ಹಂಬಲದಿಂದಲೇ ಧ್ವನಿಮುದ್ರಣ ಯಂತ್ರವು ಹುಟ್ಟಿತು. ಆದರೆ ಯಂತ್ರವು ಮೊದಮೊದಲು ಹಿಡಿದುದು ಹಾಡನ್ನು ಮಾತ್ರ, ಕಚೇರಿಯನ್ನಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಎದುರಿಗೆ ಒಬ್ಬ ಕೇಳುಗನೂ ಇಲ್ಲದೆ, ಗಡಿಯಾರದ ಮುಳ್ಳನ್ನು ನೋಡುತ್ತ ಹಾಡಿದ ಹಾಡಿಗೂ, ಸಹಸ್ರಾರು ಮಂದಿಯ ಉಸಿರಿನ ನಡುವೆ ನಿಂತು ಹಾಡಿದ ಹಾಡಿಗೂ ಇರುವ ಅಂತರವನ್ನು ಪುಣೆಯ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗದಗಿನ ಭೀಮಸೇನ ಜೋಶಿಯವರ ಮೊದಲ ಮುದ್ರಿಕೆಯನ್ನು ಎಚ್.ಎಂ.ವಿ. ಕಂಪನಿಯು 1940ರ ದಶಕದಲ್ಲಿ ಹೊರತಂದಿತು. ಆಗ ಅವರು ಇನ್ನೂ ತರುಣರು. ಅಂದಿನ ಮುದ್ರಿಕೆಯ ಒಂದು ಪಾರ್ಶ್ವಕ್ಕೆ ಮೂರು ಮೂರೂವರೆ ನಿಮಿಷಗಳಿಗಿಂತ ಹೆಚ್ಚಿನ ಅವಕಾಶವಿರಲಿಲ್ಲ. ರಾಗವು ಕಣ್ಣು ತೆರೆಯುವಷ್ಟರಲ್ಲಿ ಮುಳ್ಳು ಕೊನೆಯ ಗೆರೆಗೆ ಬಂದು ನಿಲ್ಲುತ್ತಿತ್ತು. ಅದೇ ಭೀಮಸೇನರು ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ನೆನಪಿಗಾಗಿ ಪುಣೆಯಲ್ಲಿ 1953ರಿಂದ ನಡೆಯಿಸಿಕೊಂಡು ಬಂದ ಉತ್ಸವದಲ್ಲಿ ಹಾಡಲು ಕುಳಿತರೆಂದರೆ, ಒಂದು ರಾಗಕ್ಕೆ ಒಂದು ಗಂಟೆಯೂ ಸಾಲದಾಗುತ್ತಿತ್ತು. ಡಿಸೆಂಬರಿನ ಚಳಿಯಲ್ಲಿ ರಮಣಬಾಗದ ಮೈದಾನದಲ್ಲಿ ಶಾಲು ಹೊದ್ದು ಕುಳಿತ ಹಿರಿಯರು ಬಲ್ಲರು: ಅಲ್ಲಿ ಹಾಡುತ್ತಿದ್ದವರು ಭೀಮಸೇನರೊಬ್ಬರೇ ಅಲ್ಲ, ಕೇಳುತ್ತಿದ್ದ ಸಭೆಯೂ ಅವರೊಡನೆ ಹಾಡುತ್ತಿತ್ತು.

ದಕ್ಷಿಣ ಕನ್ನಡದಿಂದ ಬಂದ ನಮ್ಮ ಬಂಧುಗಳಿಗೆ ಇನ್ನೊಂದು ನಿದರ್ಶನವಿದೆ. ಹೋಟೆಲಿನ ದುಡಿಮೆಯಿಂದ ಬಿಡುವು ಸಿಕ್ಕದೆ ವರ್ಷಗಟ್ಟಲೆ ಊರಿನ ಬಯಲಾಟವನ್ನು ಕಾಣದವರು, ತಾಳಮದ್ದಳೆಯ ಕ್ಯಾಸೆಟ್ಟುಗಳನ್ನು ತರಿಸಿಕೊಂಡು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೇಳುತ್ತಿದ್ದರು. ಅವುಗಳಲ್ಲಿ ಭಾಗವತರ ಪದ, ಅರ್ಥಧಾರಿಯ ವಾದ, ಮದ್ದಳೆಯ ಪೆಟ್ಟು ಇವಿಷ್ಟೇ ಇರಲಿಲ್ಲ. ಸಭೆಯ ನಗು, ಯಾರದೋ ಕೆಮ್ಮು, ದೂರದಲ್ಲಿ ಅಳುವ ಕೂಸು ಎಲ್ಲವೂ ಇದ್ದುವು. ಆ ಕೆಮ್ಮನ್ನೂ ಆ ನಗುವನ್ನೂ ಕಳೆದು ಶುದ್ಧಗೊಳಿಸಿದ ಮುದ್ರಿಕೆಯನ್ನು ಅವರ ಕೈಗೆ ಕೊಟ್ಟಿದ್ದರೆ ಅವರು ಸಂತೋಷಪಡುತ್ತಿದ್ದರೆಂದು ನಮಗೆ ತೋರುವುದಿಲ್ಲ. ಅವರಿಗೆ ಬೇಕಾಗಿದ್ದುದು ಪ್ರಸಂಗದೊಡನೆ ಊರೂ ಹೌದು.

ಇಷ್ಟನ್ನು ಪೀಠಿಕೆಯಾಗಿ ಹೇಳಿದುದು, ವಾಚಕರಲ್ಲಿ ಅನೇಕ ಹಿರಿಯರು ಹೆಸರು ಕೇಳಿದೊಡನೆ ಮುಖ ತಿರುಗಿಸಬಹುದಾದ ಒಂದು ಧ್ವನಿಮುದ್ರಿಕೆಯ ವಿಷಯವನ್ನು ಪ್ರಸ್ತಾಪಿಸಲಿಕ್ಕಾಗಿ. ಅದು ‘ಐರನ್ ಮೇಡನ್’ ಎಂಬ ಆಂಗ್ಲ ವಾದ್ಯಮೇಳದ ‘ಫ್ಲೈಟ್ 666’. 2009ರಲ್ಲಿ ಪ್ರಕಟವಾದ ಈ ಮುದ್ರಿಕೆಯು ‘ಹೆವಿ ಮೆಟಲ್’ ಎಂಬ, ಕಿವಿಗೆ ಅಪ್ಪಳಿಸುವ ಸಂಗೀತಪ್ರಕಾರಕ್ಕೆ ಸೇರಿದುದು. ಅದರ ಮೊದಲನೆಯ ಹಾಡು ಧ್ವನಿಮುದ್ರಣಗೊಂಡುದು ಲಂಡನ್ನಿನಲ್ಲಿ ಅಲ್ಲ, ನ್ಯೂಯಾರ್ಕಿನಲ್ಲಿಯೂ ಅಲ್ಲ. ಖಡಕಿಯ ನಿಲ್ದಾಣದಲ್ಲಿ ಲೋಕಲ್ ಹಿಡಿದು ಲೋಣಾವಳೆಯ ಘಟ್ಟ ಇಳಿದರೆ ನಾಲ್ಕು ಗಂಟೆಗಳಲ್ಲಿ ಮುಟ್ಟಬಹುದಾದ ನಮ್ಮ ಮುಂಬಯಿಯಲ್ಲಿ.

ಲೋಹದ ಊರಿನಲ್ಲಿ ಹುಟ್ಟಿದ ಸಂಗೀತ

ಈ ಸಂಗೀತಕ್ಕೆ ಲೋಹದ ಹೆಸರು ಬಂದುದಕ್ಕೆ ಪಂಡಿತರು ಹಲವು ಕಾರಣಗಳನ್ನು ಕೊಡುತ್ತಾರೆ. ಆದರೆ ಅದು ಹುಟ್ಟಿದ ಊರನ್ನು ನೋಡಿದರೆ ಹೆಸರು ತಾನಾಗಿಯೇ ಒಪ್ಪುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರವು ಕಬ್ಬಿಣ, ಹಿತ್ತಾಳೆ, ಯಂತ್ರಭಾಗಗಳ ಕಾರ್ಖಾನೆಗಳಿಂದ ತುಂಬಿದ ಊರು. ಅದರ ಆಸ್ಟನ್ ಎಂಬ ಕೂಲಿಕಾರರ ಬಡಾವಣೆಯಲ್ಲಿ 1968ರಲ್ಲಿ ನಾಲ್ವರು ತರುಣರು ಕೂಡಿ ಕಟ್ಟಿದ ‘ಬ್ಲ್ಯಾಕ್ ಸಬ್ಬತ್’ ಎಂಬ ಮೇಳವೇ ಈ ಪ್ರಕಾರದ ಮೂಲಪುರುಷ. ಅದರ ಗಿಟಾರು ವಾದಕ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. 17ನೆಯ ವಯಸ್ಸಿನಲ್ಲಿ, ಅಲ್ಲಿಯ ಕೆಲಸ ಬಿಡುವ ಕೊನೆಯ ದಿನವೇ, ಯಂತ್ರಕ್ಕೆ ಬಲಗೈ ಸಿಕ್ಕಿ ಎರಡು ಬೆರಳುಗಳ ತುದಿ ಹಾರಿಹೋದುವು. ಅವನು ಎಡಗೈಯಿಂದ ಮೀಟಿ ಬಲಗೈಯಿಂದ ತಂತಿ ಒತ್ತುವ ವಾದಕ. ಆದುದರಿಂದ ಆ ಎರಡು ಬೆರಳುಗಳೇ ಅವನ ಸರ್ವಸ್ವವಾಗಿದ್ದುವು.

ಅವನು ಕೈಚೆಲ್ಲಿ ಕೂಡಲಿಲ್ಲ. ಕಾರ್ಖಾನೆಯ ಮೇಲ್ವಿಚಾರಕನೊಬ್ಬನು ಜ್ಯಾಂಗೊ ರೈನ್‌ಹಾರ್ಟ್ ಎಂಬ ಕಲಾವಿದನ ಮುದ್ರಿಕೆಯನ್ನು ತಂದು ಕೇಳಿಸಿದನು; ಬೆಂಕಿಯಲ್ಲಿ ಸುಟ್ಟು ಎರಡು ಬೆರಳುಗಳು ನಿರುಪಯೋಗಿಯಾದ ಮೇಲೂ ಗಿಟಾರು ನುಡಿಸಿದ ಮಹನೀಯನವನು. ಅಯೋಮಿ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ಅದಕ್ಕೆ ತೊಗಲು ಅಂಟಿಸಿ, ಹಗುರವಾದ ತಂತಿಗಳನ್ನು ಕಟ್ಟಿ ಅಭ್ಯಾಸವನ್ನು ಮೊದಲಿನಿಂದ ಆರಂಭಿಸಿದನು. ಮುಂದೆ ತಂತಿಗಳನ್ನು ಇನ್ನಷ್ಟು ಸಡಿಲಿಸಿ ಶ್ರುತಿಯನ್ನು ಇಳಿಸಿದುದರಿಂದ ಆ ವಾದ್ಯಕ್ಕೆ ಅದುವರೆಗೆ ಯಾರೂ ಕೇಳದ ಗಂಭೀರವಾದ, ಭಾರವಾದ ಧ್ವನಿ ಬಂದಿತು.

ಖಡಕಿಯ ವಾಚಕರಿಗೆ ಈ ಕಥೆ ದೂರದ್ದೆನಿಸಲಾರದು. ಇಲ್ಲಿಯ ಮದ್ದುಗುಂಡಿನ ಕಾರ್ಖಾನೆ 1869ರಷ್ಟು ಹಳೆಯದು. ಹ್ಯಾರಿಸ್ ಸೇತುವೆಯನ್ನು ದಾಟಿದರೆ ದಾಪೋಡಿ, ಕಾಸಾರವಾಡಿ, ಪಿಂಪರಿ, ಚಿಂಚವಡಗಳವರೆಗೆ ಲೇಥು, ಪ್ರೆಸ್ಸು, ಎರಕದ ಕುಲುಮೆಗಳ ಸಾಲು. ವಿಜಾಪುರ, ಕಲಬುರ್ಗಿ, ಬೀದರ, ಬೆಳಗಾವಿಗಳ ಕಡೆಯಿಂದ ಮಳೆಯಿಲ್ಲದ ವರ್ಷಗಳಲ್ಲಿ ಹೊರಟು ಬಂದ ನಮ್ಮ ಜನ ಈ ಸಾಲಿನಲ್ಲಿಯೇ ಅನ್ನ ಕಂಡುಕೊಂಡರು. ಪ್ರೆಸ್ಸಿನ ಬಾಯಿಗೆ ಬೆರಳು ಕೊಟ್ಟವರು ನಮ್ಮ ನಡುವೆಯೂ ಇದ್ದಾರೆ. ನೀಡಬಂದ ಕೈಯನ್ನು ಕಂಡರೆ ನಮಗೆ ಅದು ಯಾವ ಯಂತ್ರದ ಕೆಲಸವೆಂದು ತಿಳಿಯುತ್ತದೆ. ಹೆವಿ ಮೆಟಲ್ ಸಂಗೀತದ ಮೂಲದಲ್ಲಿ ಇರುವುದು ಇಂತಹ ಒಂದು ಕೈ.

ಬಣ್ಣದ ವೇಷ

ಐರನ್ ಮೇಡನ್ ಈ ವಂಶದ ಎರಡನೆಯ ತಲೆಮಾರು. ಪೂರ್ವ ಲಂಡನ್ನಿನ ಸ್ಟೀವ್ ಹ್ಯಾರಿಸ್ ಎಂಬ ಬೇಸ್ ಗಿಟಾರು ವಾದಕನು 1975ರ ಡಿಸೆಂಬರ್ 25ರಂದು ಇದನ್ನು ಕಟ್ಟಿದನು. ‘ಕಬ್ಬಿಣದ ಕನ್ಯೆ’ ಎಂಬುದು ಒಳಗೆಲ್ಲ ಮೊಳೆಗಳುಳ್ಳ ಒಂದು ಚಿತ್ರಹಿಂಸೆಯ ಪೆಟ್ಟಿಗೆಯ ಹೆಸರು. ಮೊದಲನೆಯ ಮುದ್ರಿಕೆ 1980ರಲ್ಲಿ ಬಂದಿತು. ಗಾಯಕ ಬ್ರೂಸ್ ಡಿಕಿನ್ಸನ್ ಸೇರಿದುದು 1981ರಲ್ಲಿ. ಡ್ರಮ್ಮು ಬಾರಿಸುವ ನಿಕೊ ಮೆಕ್‌ಬ್ರೈನ್ 1982ರ ಕೊನೆಯಲ್ಲಿ. ನಡುವೆ 1993ರಲ್ಲಿ ಡಿಕಿನ್ಸನ್ ಬಿಟ್ಟುಹೋಗಿ, 1999ರಲ್ಲಿ ಏಡ್ರಿಯನ್ ಸ್ಮಿತ್‌ನೊಡನೆ ಹಿಂತಿರುಗಿದನು. ಡೇವ್ ಮರ್ರೆ, ಯಾನಿಕ್ ಗರ್ಸ್ ಇವರೂ ಸೇರಿ ಆರು ಮಂದಿಯ, ಮೂರು ಗಿಟಾರುಗಳ ಮೇಳವಾಯಿತು. ಮುಂಬಯಿಗೆ ಬಂದವರು ಈ ಆರು ಮಂದಿ.

ಇವರ ಮುದ್ರಿಕೆಗಳ ಹೊದಿಕೆಯ ಮೇಲೆ ‘ಎಡ್ಡಿ’ ಎಂಬ ಕರಾಳ ವಿಗ್ರಹವೊಂದು ಇರುತ್ತದೆ. ಒಣಗಿದ ಚರ್ಮ, ಉರಿಯುವ ಕಣ್ಣು, ಕಿಸಿದ ಹಲ್ಲು. ಡೆರೆಕ್ ರಿಗ್ಸ್ ಎಂಬ ಚಿತ್ರಕಾರನ ಕಲ್ಪನೆಯಿದು. ಕಚೇರಿಯ ಮಧ್ಯದಲ್ಲಿ ಅದರ ಆಳೆತ್ತರಕ್ಕೂ ಮೀರಿದ ರೂಪವು ರಂಗದ ಮೇಲೆ ಬಂದು ಹೆಜ್ಜೆಹಾಕುವುದೂ ಉಂಟು. ಮಗನ ಅಂಗಿಯ ಮೇಲೆ ಈ ಚಿತ್ರವನ್ನು ಕಂಡು, ಹುಡುಗನು ದಾರಿ ತಪ್ಪಿದನೆಂದು ಹೆದರಿದ ತಂದೆತಾಯಿಗಳು ಪುಣೆಯಲ್ಲಿಯೂ ಇದ್ದಾರೆ, ಅಮೆರಿಕೆಯಲ್ಲಿಯೂ ಇದ್ದರು. 1982ರಲ್ಲಿ ‘ದಿ ನಂಬರ್ ಆಫ್ ದಿ ಬೀಸ್ಟ್’ ಎಂಬ ಮುದ್ರಿಕೆ ಬಂದಾಗ ಅಲ್ಲಿಯ ಕೆಲವು ಮತನಿಷ್ಠರು ಇವರನ್ನು ಸೈತಾನನ ಉಪಾಸಕರೆಂದು ಕರೆದು ಮುದ್ರಿಕೆಗಳನ್ನು ರಾಶಿಹಾಕಿ ಸುಟ್ಟರು. ಹೊಗೆ ವಿಷವಾದೀತೆಂದು ಅಂಜಿ ಸುತ್ತಿಗೆಯಿಂದ ಒಡೆದವರೂ ಇದ್ದರಂತೆ. ಆ ಹಾಡಾದರೋ ಹ್ಯಾರಿಸ್ ಕಂಡ ಒಂದು ದುಃಸ್ವಪ್ನದಿಂದ ಹುಟ್ಟಿದುದು.

ಬಣ್ಣದ ವೇಷವನ್ನು ಕಂಡ ಕನ್ನಡಿಗನು ಇಷ್ಟಕ್ಕೆ ಹೆದರಬೇಕಾಗಿಲ್ಲ. ನಮ್ಮ ಆಟಗಳಲ್ಲಿ ದೀವಟಿಗೆಗೆ ರಾಳದ ಪುಡಿ ಎಸೆದು, ಬೆಂಕಿಯ ನಡುವೆ ಅಟ್ಟಹಾಸ ಮಾಡುತ್ತ ರಾಕ್ಷಸನು ಒಡ್ಡೋಲಗಕ್ಕೆ ಬರುವಾಗ ಮಕ್ಕಳು ಚೀರಿ ತಾಯಿಯ ಸೆರಗಿನಲ್ಲಿ ಮುಖ ಮರೆಸಿಕೊಳ್ಳುತ್ತಾರೆ. ಬೆಳಗಾದ ಮೇಲೆ ಅದೇ ವೇಷಧಾರಿಯು ಬಣ್ಣ ತೊಳೆದು, ವಿಭೂತಿಯನ್ನೋ ನಾಮವನ್ನೋ ಇಟ್ಟುಕೊಂಡು ಚಹಾ ಕುಡಿಯುತ್ತ ಕುಳಿತಿರುತ್ತಾನೆ. ಅವನನ್ನು ಯಾರೂ ರಾಕ್ಷಸನ ಭಕ್ತನೆಂದು ಬಗೆಯುವುದಿಲ್ಲ. ಭಯವನ್ನು ರಂಗದ ಮೇಲೆ ಕರೆದು ಕುಣಿಸಿ ಮನೆಗೆ ಕಳುಹಿಸುವುದು ಮನುಷ್ಯನ ಬಹಳ ಹಳೆಯ ಕಲೆ. ಎಡ್ಡಿ ಆ ಕುಲದವನು.

ಪ್ರಾಮಾಣಿಕತೆಯ ಪ್ರಶ್ನೆ

ಸಭೆಯ ಮುಂದೆ ನುಡಿಸಿದುದನ್ನು ಹಾಗೆಯೇ ಮುದ್ರಿಸಿ ಹೊರತರುವ ರೂಢಿ ಈ ಮೇಳಗಳಲ್ಲಿ ಹಳೆಯದು. ‘ಡೀಪ್ ಪರ್ಪಲ್’ ಮೇಳವು 1972ರ ಆಗಸ್ಟ್ ತಿಂಗಳಲ್ಲಿ ಒಸಾಕಾ ಮತ್ತು ಟೋಕಿಯೊ ನಗರಗಳಲ್ಲಿ ಮೂರು ರಾತ್ರಿ ನುಡಿಸಿದುದು ‘ಮೇಡ್ ಇನ್ ಜಪಾನ್’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ‘ಮೋಟರ್‌ಹೆಡ್’ ಮೇಳದ 1981ರ ಕಚೇರಿಮುದ್ರಿಕೆ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೇರಿತು. ಐರನ್ ಮೇಡನ್ನಿನವರೇ 1985ರಲ್ಲಿ ‘ಲೈವ್ ಆಫ್ಟರ್ ಡೆತ್’ ಎಂಬ ಜೋಡಿ ಮುದ್ರಿಕೆಯನ್ನು ಹೊರತಂದಿದ್ದರು. 1984ರ ಆಗಸ್ಟಿನಲ್ಲಿ ಪೋಲೆಂಡಿನಿಂದ ಹೊರಟು, 11 ತಿಂಗಳು ಊರೂರು ಅಲೆದು, ಹೆಚ್ಚುಕಡಿಮೆ ದಿನ ಬಿಟ್ಟು ದಿನ ಕಚೇರಿ ಮಾಡಿ ಮೈ ಮುರಿದುಕೊಂಡ ಯಾತ್ರೆಯ ಫಲವದು. ಬಹುಭಾಗವು ಕ್ಯಾಲಿಫೋರ್ನಿಯದ ಲಾಂಗ್ ಬೀಚಿನಲ್ಲಿಯೂ ಉಳಿದುದು ಲಂಡನ್ನಿನಲ್ಲಿಯೂ ಮುದ್ರಿತವಾಯಿತು.

ಆದರೆ ‘ಹಾಗೆಯೇ’ ಎಂಬ ಮಾತಿನಲ್ಲಿ ಒಂದು ಸಂಶಯಕ್ಕೆ ಎಡೆಯಿದೆ. ಕಚೇರಿಯಲ್ಲಿ ಪ್ರತಿಯೊಂದು ವಾದ್ಯಕ್ಕೂ ಕಂಠಕ್ಕೂ ಬೇರೆ ಬೇರೆ ಮೈಕು. ಪ್ರತಿಯೊಂದರ ಧ್ವನಿಯೂ ಬೇರೆ ಬೇರೆ ಪಟ್ಟಿಯ ಮೇಲೆ ದಾಖಲಾಗುತ್ತದೆ. ಸಭೆಯ ಗದ್ದಲಕ್ಕೂ ಪ್ರತ್ಯೇಕ ಮೈಕುಗಳು. ಆ ಬಳಿಕ ಸ್ಟುಡಿಯೋದಲ್ಲಿ ಕುಳಿತು ಇವೆಲ್ಲವನ್ನೂ ಹದವರಿತು ಬೆರೆಸುತ್ತಾರೆ. ಹೀಗೆ ಬೆರೆಸುವಾಗ ತಪ್ಪಿದ ಸ್ವರವನ್ನು ತೆಗೆದು, ಹೊಸದಾಗಿ ಹಾಡಿಸಿ ಸೇರಿಸುವುದು ಸುಲಭ. ‘ಜೂಡಾಸ್ ಪ್ರೀಸ್ಟ್’ ಮೇಳವು 1979ರಲ್ಲಿ ಟೋಕಿಯೊದಲ್ಲಿ ಮುದ್ರಿಸಿದ ಕಚೇರಿಯಲ್ಲಿ ಗಾಯಕ ರಾಬ್ ಹಾಲ್‌ಫರ್ಡ್ ತನ್ನ ಹಾಡುಗಾರಿಕೆಯನ್ನು ಆಮೇಲೆ ಸ್ಟುಡಿಯೋದಲ್ಲಿ ಹಾಡಿ ಸೇರಿಸಿದುದನ್ನು ಮುಂದೆ ಒಪ್ಪಿಕೊಂಡನು. ‘ಥಿನ್ ಲಿಜ್ಜಿ’ ಮೇಳದ 1978ರ ಮುದ್ರಿಕೆಯಲ್ಲಿ ಕಚೇರಿಯ ಪಾಲೆಷ್ಟು, ಸ್ಟುಡಿಯೋದ ಪಾಲೆಷ್ಟು ಎಂಬ ವಿಷಯದಲ್ಲಿ ನಿರ್ಮಾಪಕನಿಗೂ ಮೇಳದವರಿಗೂ ಮಾತು ಹೊಂದಲಿಲ್ಲ.

ಕೇಳುಗನಿಗೆ ಇದರಿಂದ ನಷ್ಟವೇನು ಎಂದು ಕೇಳಬಹುದು. ಹಾಡು ಸೊಗಸಾಗಿದ್ದರೆ ಸಾಲದೆ? ಸಾಲದು. ಆ ರಾತ್ರಿ ಆ ಮೈದಾನದಲ್ಲಿ ನಿಂತಿದ್ದವನಿಗೆ ಮುದ್ರಿಕೆಯು ಒಂದು ಸಾಕ್ಷ್ಯಪತ್ರ. ಬೇಸತ್ತ ಗಂಟಲು ಮೇಲಿನ ಸ್ವರಕ್ಕೆ ಏರಲಾರದೆ ಒಡೆದುದು, ಸಭೆಯು ಆ ಒಡಕನ್ನು ತನ್ನ ಕಂಠದಿಂದ ಮುಚ್ಚಿದುದು, ಇವೆಲ್ಲ ನಡೆದ ಸಂಗತಿಗಳು. ನಡೆದುದನ್ನು ತಿದ್ದಿದ ಮೇಲೆ ಸಾಕ್ಷ್ಯಪತ್ರಕ್ಕೆ ಬೆಲೆಯಿಲ್ಲ. ತಾನು ಅಲ್ಲಿ ಇದ್ದೆನೆಂಬ ಹುಡುಗನೊಬ್ಬನ ಹೆಮ್ಮೆಯು ಇಂತಹ ಒಂದು ಪ್ರಾಮಾಣಿಕತೆಯ ಮೇಲೆ ನಿಂತಿರುತ್ತದೆ.

ಹಾರುವ ಮೇಳ

ನಮ್ಮ ಯುವಕರು ಈ ಮೇಳವನ್ನು ಮೊದಲು ಕಂಡುದು ಮುಂಬಯಿಯಲ್ಲಲ್ಲ, ಬೆಂಗಳೂರಿನಲ್ಲಿ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ನಿನ ಮೊದಲ ಭಾರತೀಯ ಕಚೇರಿ ನಡೆಯಿತು. ಅದುವರೆಗೆ ಇಂತಹ ಹೆಸರಾಂತ ಮೇಳಗಳು ಯೂರೋಪು, ಅಮೆರಿಕೆ, ಜಪಾನುಗಳಲ್ಲಿ ಸುತ್ತಿ ಹಿಂತಿರುಗುವುದೇ ಹೆಚ್ಚು. ಕಾರಣ ಅನಾದರವಲ್ಲ, ಸಾಮಾನಿನ ಭಾರ. ಇವರ ರಂಗಸಜ್ಜಿಕೆ, ದೀಪ, ವಾದ್ಯ, ಆಂಪ್ಲಿಫೈಯರುಗಳನ್ನು ಹಡಗಿನಲ್ಲಿ ಕಳುಹಿಸಿದರೆ ವಾರಗಟ್ಟಲೆ ಕಾಯಬೇಕು. ಬಾಡಿಗೆಯ ವಿಮಾನದಲ್ಲಿ ಕಳುಹಿಸಿದರೆ ಟಿಕೀಟಿನ ಹಣವೆಲ್ಲ ಅದಕ್ಕೇ ಸರಿಹೋಗುವುದು. ಒಂದು ಊರಿನ ಕಚೇರಿಗಾಗಿ ಅಷ್ಟು ದೂರ ಬರುವುದು ಹಾಸಿಗೆಗೆ ಮೀರಿ ಕಾಲು ಚಾಚಿದಂತೆ.

2008ರಲ್ಲಿ ಇದಕ್ಕೆ ಪರಿಹಾರವನ್ನು ಕಂಡುಕೊಂಡವನು ಗಾಯಕ ಡಿಕಿನ್ಸನ್ನನೇ. ಅವನು ಪರವಾನಗಿ ಪಡೆದ ವಿಮಾನಚಾಲಕ; ಆಸ್ಟ್ರೇಯಸ್ ಎಂಬ ವಿಮಾನ ಕಂಪನಿಯಲ್ಲಿ ನೌಕರನಾಗಿ ಪ್ರವಾಸಿಗರನ್ನು ಒಯ್ಯುತ್ತಿದ್ದವನು. ಆ ಕಂಪನಿಯ ಬೋಯಿಂಗ್ 757 ವಿಮಾನದ ಹಿಂಭಾಗದ ಆಸನಗಳನ್ನು ತೆಗೆಯಿಸಿ ಸುಮಾರು 12 ಟನ್ ಸಾಮಾನಿಗೆ ಸ್ಥಳ ಮಾಡಿ, ಮುಂಭಾಗದಲ್ಲಿ ಮೇಳದವರನ್ನೂ ಕೆಲಸಗಾರರನ್ನೂ ಕೂಡಿಸಿ, ತಾನೇ ಚಾಲಕರ ಸ್ಥಾನದಲ್ಲಿ ಕುಳಿತು ಹಾರಿಸಿದನು. ನಮ್ಮ ಭೀಮಸೇನರು ಬೆಳಿಗ್ಗೆ ಒಂದು ಊರು, ರಾತ್ರಿ ಇನ್ನೊಂದು ಊರು ಎಂದು ವಿಮಾನದಲ್ಲಿ ಓಡಾಡುತ್ತಿದ್ದುದನ್ನು ಕಂಡು ಪು. ಲ. ದೇಶಪಾಂಡೆಯವರು ವಿನೋದದಿಂದ ಅವರನ್ನು ‘ಹವಾಯಿ ಗಂಧರ್ವ’ ಎಂದು ಕರೆದುದು ಪ್ರಸಿದ್ಧವಾಗಿದೆ. ಆ ಬಿರುದನ್ನು ಅಕ್ಷರಶಃ ಹೊರಬಲ್ಲ ಗಾಯಕನು ಇವನು.

ಈ ಯಾತ್ರೆಯು 2008ರ ಫೆಬ್ರವರಿ 1ರಂದು ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದ ಮೈದಾನದಲ್ಲಿ ಪ್ರಾರಂಭವಾಯಿತು. ಅಲ್ಲಿಂದ ಆಸ್ಟ್ರೇಲಿಯ, ಜಪಾನ್, ಅಮೆರಿಕೆ, ಮೆಕ್ಸಿಕೊ, ದಕ್ಷಿಣ ಅಮೆರಿಕದ ದೇಶಗಳನ್ನು ಸುತ್ತಿ ಮಾರ್ಚ್ 16ರಂದು ಕೆನಡಾದ ಟೊರಾಂಟೊದಲ್ಲಿ ಮೊದಲ ಸುತ್ತು ಮುಗಿಯಿತು. 45 ದಿನ, 23 ಕಚೇರಿ, ಸುಮಾರು 50,000 ಮೈಲಿ. ಸ್ಯಾಮ್ ಡನ್, ಸ್ಕಾಟ್ ಮೆಕ್‌ಫೇಡನ್ ಎಂಬ ಇಬ್ಬರು ಕೆನಡಾದ ನಿರ್ದೇಶಕರು ಜೊತೆಯಲ್ಲಿಯೇ ಪ್ರಯಾಣ ಮಾಡಿ ಇದನ್ನು ಚಲನಚಿತ್ರವಾಗಿ ಸೆರೆಹಿಡಿದರು. ಚಿತ್ರವು 2009ರ ಏಪ್ರಿಲಿನಲ್ಲಿ ತೆರೆಕಂಡಿತು. ಅದರ ಬೆನ್ನಿಗೆ ಈ ಮುದ್ರಿಕೆಯು ಬಂದಿತು. ಧ್ವನಿಯನ್ನು ಬೆರೆಸಿದವನು ಕೆವಿನ್ ಶರ್ಲಿ.

ಮುದ್ರಿಕೆಯ ವ್ಯವಸ್ಥೆ ಸ್ವಾರಸ್ಯಕರವಾಗಿದೆ. ಹಾಡುಗಳು 16, ಒಂದೊಂದು ಹಾಡು ಒಂದೊಂದು ಊರಿನದು. ಮೊದಲನೆಯದು ಮುಂಬಯಿಯದು, ಎರಡನೆಯದು ಮೆಲ್ಬೋರ್ನಿನದು, ಮುಂದೆ ಸಿಡ್ನಿ, ಟೋಕಿಯೊ, ಹೀಗೆ ಸಾಗಿ ಕೊನೆಯದು ಟೊರಾಂಟೊದ್ದು. ಕೋಲ್‌ರಿಜ್ ಕವಿಯ 1798ರ ವೃದ್ಧ ನಾವಿಕನ ಕಾವ್ಯವನ್ನು ಆಧರಿಸಿದ, 13 ನಿಮಿಷಗಳಿಗೂ ಮೀರಿದ ದೀರ್ಘ ರಚನೆಯೊಂದು ನ್ಯೂಜರ್ಸಿಯದು. ಬ್ಯೂನಸ್ ಐರಿಸ್‌ನಲ್ಲಿ ಮುದ್ರಿತವಾದ ‘ಫಿಯರ್ ಆಫ್ ದಿ ಡಾರ್ಕ್’ ಎಂಬ ಹಾಡಿನಲ್ಲಿ ಸಭೆಯವರು ಮಾತುಗಳನ್ನು ಹಾಡುವುದಷ್ಟೇ ಅಲ್ಲ, ಗಿಟಾರಿನ ಸ್ವರಗಳನ್ನೂ ಬಾಯಿಂದಲೇ ನುಡಿಸುತ್ತಾರೆ. ದೇಹೂವಿನಿಂದ ಹೊರಟ ತುಕಾರಾಮ ಮಹಾರಾಜರ ಪಾಲಖಿಯು ಆಷಾಢದ ಹೊತ್ತಿಗೆ ಹಳೆಯ ಮುಂಬಯಿ ರಸ್ತೆಯಲ್ಲಿ ನಮ್ಮ ಎದುರಿನಿಂದ ಸಾಗುವಾಗ, ಹೇಳಿದವನ ಅಭಂಗವನ್ನು ಸಾವಿರ ಕಂಠಗಳು ಎತ್ತಿಕೊಳ್ಳುವುದನ್ನು ಕಂಡವರಿಗೆ ಈ ಬಗೆಯ ಹಿಮ್ಮೇಳ ಹೊಸತಲ್ಲ.

ಮುಂಬಯಿಯ ಹಾಡು, ಖಡಕಿಯ ಸ್ಮಶಾನ

ಮುಂಬಯಿಯಲ್ಲಿ ಮುದ್ರಿತವಾದುದು ‘ಏಸಸ್ ಹೈ’ ಎಂಬ ಹಾಡು. ಅದಕ್ಕೆ ಮುನ್ನುಡಿಯಾಗಿ 1940ರ ಜೂನ್ 4ರಂದು ಚರ್ಚಿಲ್ಲರು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮಾಡಿದ ಭಾಷಣದ ತುಣುಕು ಕೇಳಿಸುತ್ತದೆ. ಆ ಗಡಸು ಧ್ವನಿ ನಿಂತೊಡನೆಯೇ ಮೂರು ಗಿಟಾರುಗಳೂ ಡ್ರಮ್ಮೂ ಒಟ್ಟಿಗೆ ಸಿಡಿಯುತ್ತವೆ. ಅದರ ಮೇಲೆ ಮುಂಬಯಿಯ ಸಭೆಯ ಕೂಗು ಅಲೆಯಂತೆ ಏಳುತ್ತದೆ. ಹಾಡಿನ ವಸ್ತು ಆ ವರ್ಷದ ಬೇಸಿಗೆಯಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ನಡೆದ ಯುದ್ಧ. ಇಪ್ಪತ್ತರ ಆಸುಪಾಸಿನ ಹುಡುಗರು ಗಂಟೆ ಬಾರಿಸಿದೊಡನೆ ವಿಮಾನಕ್ಕೆ ಓಡಿ, ಜರ್ಮನರ ಮೇಲೆ ಏರಿಹೋಗಿ, ಬಂದರೆ ಬಂದರು, ಇಲ್ಲವಾದರೆ ಇಲ್ಲ ಎಂಬಂತಹ ದಿನಗಳವು.

ಚರ್ಚಿಲ್ಲರ ಧ್ವನಿಗೆ ಮುಂಬಯಿಯಲ್ಲಿ ಜಯಘೋಷವಾದುದನ್ನು ಕೇಳಿ ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ಅದು ಸಹಜ. ಭಾರತದ ಸ್ವಾತಂತ್ರ್ಯಕ್ಕೆ ಆ ಮಹಾಶಯನು ಎಷ್ಟು ಅಡ್ಡಿಯಾಗಿದ್ದನೆಂಬುದನ್ನೂ, 1943ರ ಬಂಗಾಳದ ಬರಗಾಲವನ್ನೂ ನಾವು ಮರೆಯಲಾರೆವು. ಆದರೆ ಆ ಹುಡುಗರು ಕೂಗಿದುದು ಚರ್ಚಿಲ್ಲರಿಗಲ್ಲ. ಅದರ ಹಿಂದೆ ಬರಲಿದ್ದ ಗಿಟಾರಿಗೆ. ಇಪ್ಪತ್ತು ವರ್ಷಗಳಿಂದ ಹಳೆಯ ಮುದ್ರಿಕೆಯಲ್ಲಿ ಇದೇ ಭಾಷಣದ ಹಿಂದೆ ಇದೇ ಹಾಡನ್ನು ಕೇಳಿ ಬಾಯಿಪಾಠ ಮಾಡಿಕೊಂಡವರಿಗೆ ಅದು ಆಟದ ಚೌಕಿಯಿಂದ ಕೇಳಿಬರುವ ಮೊದಲ ಚೆಂಡೆಯ ಪೆಟ್ಟಿನಂತೆ.

ಖಡಕಿಯಲ್ಲಿ ವಾಸಿಸುವ ನಮಗೆ ಈ ಹಾಡಿನ ಅರ್ಥ ಇನ್ನೊಂದು ಬಗೆಯಿಂದಲೂ ತೆರೆಯುತ್ತದೆ. ಇಲ್ಲಿಯ ಯುದ್ಧಸ್ಮಾರಕ ಸ್ಮಶಾನದಲ್ಲಿ ಎರಡನೆಯ ಮಹಾಯುದ್ಧದಲ್ಲಿ ಮಡಿದ 1,600ಕ್ಕೂ ಮೇಲ್ಪಟ್ಟ ಯೋಧರ ಸಮಾಧಿಗಳಿವೆ. ಪಶ್ಚಿಮ ಮತ್ತು ಮಧ್ಯ ಭಾರತದಲ್ಲಿ ಅಲ್ಲಲ್ಲಿ ಹುಗಿದವರನ್ನು, ನೋಡಿಕೊಳ್ಳುವವರಿಲ್ಲದೆ ಹಾಳಾದೀತೆಂದು, ಇಲ್ಲಿಗೆ ತಂದು ಸಾಲಾಗಿ ಮಲಗಿಸಿದ್ದಾರೆ. ಮೊದಲನೆಯ ಮಹಾಯುದ್ಧದವರ ಹೆಸರುಗಳಿಗೂ ಅಲ್ಲಿಯೇ ಸ್ಮಾರಕವಿದೆ. ಕತ್ತರಿಸಿದ ಹುಲ್ಲು, ಒಂದೇ ಅಳತೆಯ ಕಲ್ಲು, ಕಲ್ಲಿನ ಮೇಲೆ ಹೆಸರು, ದಳ, ವಯಸ್ಸು. ವಾಯುದಳದವರೂ ಇದ್ದಾರೆ. 19, 21, 23 ಎಂಬ ಅಂಕೆಗಳನ್ನು ಓದುತ್ತ ನಡೆದರೆ ಕಾಲು ಭಾರವಾಗುತ್ತದೆ. ಊರಿನ ಗದ್ದಲವೆಲ್ಲ ಬೇಲಿಯ ಹೊರಗೇ ನಿಲ್ಲುತ್ತದೆ. ‘ಏಸಸ್ ಹೈ’ ಹಾಡಿನಲ್ಲಿ ಅಬ್ಬರವಾಗಿ ಕೇಳುವುದರ ಇನ್ನೊಂದು ಮುಖ ಈ ನಿಶ್ಶಬ್ದ. ಇದೇ ಮುದ್ರಿಕೆಯ ‘ದಿ ಟ್ರೂಪರ್’ ಎಂಬ ಹಾಡೂ 1854ರಲ್ಲಿ ಬಾಲಕ್ಲಾವದಲ್ಲಿ ತಪ್ಪು ಆಜ್ಞೆಗೆ ಬಲಿಯಾದ ಕುದುರೆಯ ದಳದ ಸಾವನ್ನು, ಸಾಯುವ ಸವಾರನ ಬಾಯಿಂದಲೇ ಹೇಳಿಸುತ್ತದೆ. ಈ ಹಾಡುಗಳು ಯುದ್ಧವನ್ನು ಕೊಂಡಾಡುತ್ತವೆಯೆಂದು ಹೇಳುವವರು ಪೂರ್ತಿ ಕೇಳಿಲ್ಲ.

ಕಿವಿಯ ಮಾತು, ಮನೆಯ ಮಾತು

ಈ ಸಂಗೀತದ ಮೇಲೆ ಹಿರಿಯರಿಗಿರುವ ಆಕ್ಷೇಪಣೆಗಳಲ್ಲಿ ಒಂದನ್ನು ಮಾತ್ರ ನಾವು ಪೂರ್ಣವಾಗಿ ಒಪ್ಪುತ್ತೇವೆ; ಅದು ಸದ್ದಿನ ವಿಷಯ. ನಮ್ಮ ದೇಶದ ಕಾರ್ಖಾನೆ ನಿಯಮಗಳ ಪ್ರಕಾರ 8 ಗಂಟೆಗಳ ಪಾಳಿಯಲ್ಲಿ 90 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿಗೆ ಕೆಲಸಗಾರನನ್ನು ಒಡ್ಡಬಾರದು. ಇಂತಹ ಕಚೇರಿಗಳಲ್ಲಿ ಸದ್ದು ಅದನ್ನು ಲೀಲೆಯಿಂದ ದಾಟುತ್ತದೆ. ಹಗಲೆಲ್ಲ ಪ್ರೆಸ್ಸಿನ ಮುಂದೆ ನಿಂತು ಬಂದು, ರಾತ್ರಿಯ ಹೊತ್ತು ಕಿವಿಯಲ್ಲಿ ಜೀರುಂಡೆಯ ಸದ್ದು ಕೇಳುವ ತಂದೆಗೆ ಪಕ್ಕದ ಕೋಣೆಯಿಂದ ಡ್ರಮ್ಮಿನ ಪೆಟ್ಟು ಬಂದರೆ ಸಿಟ್ಟು ಬಾರದಿರುತ್ತದೆಯೆ? ಒಂದೂವರೆ ಕೋಣೆಯ ಮನೆಯಲ್ಲಿ ಒಬ್ಬನ ಆನಂದವು ಇನ್ನೊಬ್ಬನ ನಿದ್ರೆಯನ್ನು ಕದಿಯಬಾರದು. ಮಗನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೇಳುವುದಾದರೂ ಮಿತವರಿತು ಕೇಳಬೇಕು. ಕಿವಿಯೊಳಗಿನ ನರದ ರೋಮಗಳು ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ.

ಉಳಿದ ಆಕ್ಷೇಪಣೆಯೆಂದರೆ, ಇದು ನಮ್ಮದಲ್ಲ ಎಂಬುದು. ಪುಣೆಯಲ್ಲಿ ಹುಟ್ಟಿದ ನಮ್ಮ ಮಕ್ಕಳು ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಕಚೇರಿಯಲ್ಲಿ ಹಿಂದಿ, ಅಜ್ಜಿಯೊಡನೆ ಮಾತ್ರ ಕನ್ನಡ ಎಂಬ ಸ್ಥಿತಿಗೆ ಬಂದಿದ್ದಾರೆ. ಹಾಡೂ ಹೊರಗಿನದಾದರೆ ಇನ್ನು ಉಳಿಯುವುದೇನು ಎಂಬ ಕಳವಳವು ಬರಿಯ ಹಟವಲ್ಲ. ಆದರೂ ನಾವು ಒಂದು ಮಾತನ್ನು ನೆನೆಯಬೇಕು. ಕುಂದಗೋಳದ ರಾಮಭಾವು ಎಂಬ ಕನ್ನಡದ ಹುಡುಗನು ಉತ್ತರದಿಂದ ಬಂದ ಅಬ್ದುಲ್ ಕರೀಂ ಖಾನರ ಕಿರಾಣಾ ಗಾಯನವನ್ನು ಕಲಿತಾಗ, ಅದು ಧಾರವಾಡದ ಮಣ್ಣಿನದಾಗಿರಲಿಲ್ಲ. ಸವಾಯಿ ಗಂಧರ್ವರೂ ಅವರ ಶಿಷ್ಯರಾದ ಭೀಮಸೇನರೂ ಗಂಗೂಬಾಯಿ ಹಾನಗಲ್ಲರೂ ಹಾಡಿ ಹಾಡಿ ಅದನ್ನು ನಮ್ಮದಾಗಿ ಮಾಡಿದರು. ಬೆಂಗಳೂರಿನಲ್ಲಿ 1980ರ ದಶಕದ ಕೊನೆಯಿಂದಲೇ ಹೆವಿ ಮೆಟಲ್ ನುಡಿಸುವ ದೇಶೀಯ ಮೇಳಗಳಿವೆ. ಇವುಗಳಿಂದ ಏನು ಬೆಳೆಯುವುದೆಂದು ಈಗಲೇ ತೀರ್ಪು ಕೊಡುವ ಅವಸರ ಬೇಡ.

ಹಿರಿಯ ಕಲಾವಿದನಿಗೆ ತರುಣರು ತೋರುವ ಗೌರವವೂ ಇಲ್ಲಿ ಗಮನಾರ್ಹ. ಮುಂಬಯಿಯಲ್ಲಿ ನುಡಿಸಿದ ದಿನ ಹ್ಯಾರಿಸ್‌ಗೆ 51, ಮೆಕ್‌ಬ್ರೈನ್‌ಗೆ 55. ಅವರ ಮುಂದೆ ನಿಂತಿದ್ದ ಗುಂಪಿನಲ್ಲಿ ಬಹುಪಾಲು ಅವರ ಮಕ್ಕಳ ವಯಸ್ಸಿನವರು. ಮೇಳವು ಮತ್ತೆ 2009ರ ಫೆಬ್ರವರಿ 15ರಂದು ಬೆಂಗಳೂರಿಗೆ ಬಂದಾಗಲೂ ಹೀಗೆಯೇ. 2014ರ ಕೊನೆಗೆ ಡಿಕಿನ್ಸನ್ನನ ನಾಲಗೆಯ ಬುಡದಲ್ಲಿ ಅರ್ಬುದ ಕಾಣಿಸಿಕೊಂಡಿತು. ಚಿಕಿತ್ಸೆ ಮುಗಿಸಿ ಅವನು ಪುನಃ ಹಾಡಿದನು, ಪುನಃ ವಿಮಾನ ಹಾರಿಸಿದನು. ಮೆಕ್‌ಬ್ರೈನ್‌ಗೆ 2023ರ ಜನವರಿಯಲ್ಲಿ ಪಾರ್ಶ್ವವಾಯು ಬಡಿದು ಬಲಭಾಗವು ಸ್ವಾಧೀನ ತಪ್ಪಿತು. ಕೆಲವೇ ತಿಂಗಳುಗಳಲ್ಲಿ ಕೈಯನ್ನು ಪಳಗಿಸಿಕೊಂಡು ಅದೇ ವರ್ಷ ಮತ್ತೆ ರಂಗಕ್ಕೇರಿ, 2024ರ ಡಿಸೆಂಬರ್ 7ರಂದು ಬ್ರೆಜಿಲಿನ ಸಾವ್ ಪಾವ್ಲೊದಲ್ಲಿ ಯಾತ್ರೆಯ ಕೊನೆಯ ಕಚೇರಿಯನ್ನು ನುಡಿಸಿ ಕೋಲುಗಳನ್ನು ಕೆಳಗಿಟ್ಟನು. ಮೊದಲ ಎರಡು ಮುದ್ರಿಕೆಗಳ ಗಾಯಕ ಪಾಲ್ ಡಿಯಾನೊ ಆ ವರ್ಷದ ಅಕ್ಟೋಬರಿನಲ್ಲಿಯೇ ತೀರಿಕೊಂಡಿದ್ದನು. ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬತ್ ತನ್ನ ಹುಟ್ಟೂರಾದ ಆಸ್ಟನ್ನಿನಲ್ಲಿ 2025ರ ಜುಲೈ 5ರಂದು ಕಡೆಯ ಬಾರಿ ನುಡಿಸಿತು. ಅದರ ಗಾಯಕ ಆಜ್ಜಿ ಆಸ್ಬೋರ್ನ್ ಅದಾದ 17 ದಿನಗಳಿಗೆ ಕಣ್ಮುಚ್ಚಿದನು.

ಹೀಗೆ ಒಂದು ತಲೆಮಾರು ರಂಗದಿಂದ ಇಳಿಯುತ್ತಿರುವಾಗ ಇಂತಹ ಮುದ್ರಿಕೆಗಳ ಬೆಲೆ ಹೆಚ್ಚುತ್ತದೆ. 2008ರ ಫೆಬ್ರವರಿಯ ಆ ಸಂಜೆ ಪುಣೆಯಿಂದ ಬಸ್ಸು ಹಿಡಿದು ಹೋದ ಹುಡುಗರಿಗೆ ಈಗ ನಲವತ್ತರ ಹತ್ತಿರ ವಯಸ್ಸು; ಕೆಲವರು ತಾವೇ ತಂದೆಯಾಗಿದ್ದಾರೆ. ಅವರ ಅಂದಿನ ಕೂಗು, ಯಾರದು ಯಾವುದೆಂದು ಬಿಡಿಸಲಾಗದಂತೆ ಬೆರೆತು, ಲೋಕವೆಲ್ಲ ಕೇಳುವ ಮುದ್ರಿಕೆಯ ಮೊದಲ ಹಾಡಿನಲ್ಲಿ ಉಳಿದಿದೆ. ಅವರ ಹೆಸರು ಎಲ್ಲಿಯೂ ಅಚ್ಚಾಗಿಲ್ಲ. ಕಂಠ ಮಾತ್ರ ಇದೆ.

ಮನೆಯಲ್ಲಿ ಇಂತಹ ಮಗನಿರುವ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ರಜೆಯ ದಿನವೊಂದರಲ್ಲಿ ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಧ್ವನಿಯನ್ನು ಹದಕ್ಕೆ ಇಳಿಸಿ, ಆ ಮೊದಲ ಹಾಡನ್ನು ಒಮ್ಮೆ ಕೇಳಿರಿ. ಹಿಡಿಸದಿದ್ದರೆ ಹಿಡಿಸಲಿಲ್ಲವೆಂದು ಹೇಳಿರಿ. ಕೇಳಿದ ಮೇಲೆ ಹಾಗೆನ್ನುವುದಕ್ಕೆ ನಿಮಗೆ ಪೂರ್ಣ ಅಧಿಕಾರವಿದೆ. ಅವನಲ್ಲಿಯೂ ಒಂದು ಬಿನ್ನಹವುಂಟು. ಬರುವ ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವಕ್ಕೆ ಅಪ್ಪನು ಹೊರಟಾಗ ಅವನೂ ಜೊತೆಗೆ ಹೋಗಲಿ, ವಿಲಂಬಿತದ ನಡುವೆ ಎದ್ದು ಬಾರದೆ ಕೂಡಲಿ. ಹೋಗುವಾಗ ಒಂದು ಶಾಲು ಹೆಚ್ಚಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ರಾತ್ರಿ ಚಳಿ ಬೀಳುತ್ತದೆ.